ಮರಗೆಲಸಕ್ಕೆ ಫ್ಯಾನ್ ಮುಖಗವಚ: ಕೊಳ್ಳುವ ಮುನ್ನ, ಕೊಂಡ ಮೇಲೆ

ಬ್ಯಾಟರಿಯಿಂದ ಫ್ಯಾನ್ ತಿರುಗಿ, ಫಿಲ್ಟರ್ ಮೂಲಕ ಸೋಸಿದ ಗಾಳಿಯನ್ನು ಮುಖಕ್ಕೆ ಊದುವ ಮುಖಗವಚ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಆಮೇಲೆ ಬೆಲೆ. ಇವೆರಡಕ್ಕೂ ಮೊದಲು ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಬೆಳಿಗ್ಗೆ ಇದನ್ನು ತೊಟ್ಟರೆ ಊಟದ ಹೊತ್ತಿನವರೆಗೆ ಕಳಚದೆ ಇರಬಲ್ಲೆನೇ?

ಈ ಪ್ರಶ್ನೆಗೆ ಇಷ್ಟು ತೂಕ ಏಕೆ ಎನ್ನುವುದಕ್ಕೆ ಚಿಕ್ಕ ಲೆಕ್ಕವೊಂದು ಸಾಕು. ರಕ್ಷಣಾ ಗುಣಾಂಕ 40 ಎಂದರೆ ಹೊರಗಿನ ಗಾಳಿಯಲ್ಲಿರುವ ದೂಳಿನ ನಲವತ್ತನೆಯ ಒಂದು ಪಾಲು ಮಾತ್ರ ನಿಮ್ಮ ಮೂಗಿಗೆ ತಲುಪುತ್ತದೆ ಎಂದರ್ಥ. ಕೆಲಸ ಎಂಟು ಗಂಟೆ, ಅಂದರೆ 480 ನಿಮಿಷ. ಅದರಲ್ಲಿ 48 ನಿಮಿಷ, ಸೆಕೆ ಎಂದೋ ಫೋನ್ ಬಂತೆಂದೋ ಅದನ್ನು ದೂಳಿನ ನಡುವೆಯೇ ಕಳಚಿದಿರಿ ಎಂದಿಟ್ಟುಕೊಳ್ಳಿ. ತೊಟ್ಟಿದ್ದ 432 ನಿಮಿಷಗಳಲ್ಲಿ ಒಳಗೆ ಹೋದ ದೂಳು, ಬರಿಮೂಗಿನಲ್ಲಿ ಸುಮಾರು 11 ನಿಮಿಷ ಉಸಿರಾಡಿದ್ದಕ್ಕೆ ಸಮ. ಅದಕ್ಕೆ ಕಳಚಿದ 48 ನಿಮಿಷ ಸೇರಿಸಿದರೆ 59. ಈಗ 480ನ್ನು 59ರಿಂದ ಭಾಗಿಸಿ. ನಿಮಗೆ ಸಿಕ್ಕ ನಿಜವಾದ ರಕ್ಷಣೆ 40 ಅಲ್ಲ, ಸುಮಾರು 8. ಗುಣಾಂಕ ಕೇವಲ 10 ಇರುವ ಅಗ್ಗದ ಸಾಧನವನ್ನು ದಿನವಿಡೀ ತೊಟ್ಟವನು ನಿಮಗಿಂತ ಕಡಿಮೆ ದೂಳು ಕುಡಿದಿರುತ್ತಾನೆ. ಮುಂದಿನ ಎಲ್ಲ ಆಯ್ಕೆಗಳಲ್ಲೂ ಈ ಲೆಕ್ಕ ನೆನಪಿರಲಿ.

ಯಾವ ದೂಳು, ಎಷ್ಟು ಹೊತ್ತು

ಮರದ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಇದರ ಸುಳಿವು ಸಿಕ್ಕಿದ್ದು ಬಹಳ ಹಿಂದೆ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಒಳಗಿನ ಅಪರೂಪದ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಾಗಿದ್ದುದನ್ನು ವೈದ್ಯರು 1960ರ ದಶಕದಲ್ಲೇ ಗುರುತಿಸಿದ್ದರು. ಕ್ಯಾನ್ಸರಿನ ಮಾತು ದೂರದ್ದೆನಿಸಿದರೆ, ಹತ್ತಿರದ ತೊಂದರೆಗಳೂ ಇವೆ: ಸದಾ ಕಟ್ಟಿದ ಮೂಗು, ರಾತ್ರಿಯ ಕೆಮ್ಮು, ಅಸ್ತಮಾ. ಬೀಟೆ ಮತ್ತು ತೇಗದ ದೂಳು ಕೆಲವರ ಚರ್ಮಕ್ಕೂ ಆಗುವುದಿಲ್ಲ. ಕುತ್ತಿಗೆ, ಮುಂಗೈಗಳಲ್ಲಿ ತುರಿಕೆಯೇಳುತ್ತದೆ.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ದೂಳಿನ ಮಿತಿ ಹೇಳುವ ನಿಯಮಗಳಲ್ಲಿ ಬರುವ ‘ಹಾರ್ಡ್‌ವುಡ್’ ಎಂಬ ಮಾತಿಗೂ ಮರ ಕೈಗೆ ಗಟ್ಟಿಯಾಗಿದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಅಗಲ ಎಲೆಯ ಮರಗಳೆಲ್ಲವೂ ಆ ಗುಂಪಿಗೇ ಸೇರುತ್ತವೆ. ತೇಗ, ಬೀಟೆ, ಹೊನ್ನೆ, ಮತ್ತಿ, ಹಲಸು, ಮಾವು, ಬೇವು, ಅಕೇಶಿಯ, ರಬ್ಬರ್ ಮರ, ಚನ್ನಪಟ್ಟಣದ ಬೊಂಬೆಗೆ ಬಳಸುವ ಮೃದುವಾದ ಹಾಲೆ ಮರ, ಎಲ್ಲವೂ ಹಾರ್ಡ್‌ವುಡ್. ಪ್ಯಾಕಿಂಗ್ ಪೆಟ್ಟಿಗೆಗಳಲ್ಲಿ ಬರುವ ಪೈನ್ ಮತ್ತು ದೇವದಾರುಗಳು ಇನ್ನೊಂದು ಗುಂಪು. ಬ್ರಿಟನ್ನಿನಲ್ಲಿ ಎಂಟು ಗಂಟೆಯ ಸರಾಸರಿ ಮಿತಿ ಹಾರ್ಡ್‌ವುಡ್ ದೂಳಿಗೆ ಘನ ಮೀಟರಿಗೆ 3 ಮಿಲಿಗ್ರಾಂ, ಇನ್ನೊಂದಕ್ಕೆ 5. ಐರೋಪ್ಯ ಒಕ್ಕೂಟ 2023ರಿಂದ ಹಾರ್ಡ್‌ವುಡ್ ಮಿತಿಯನ್ನು 2ಕ್ಕೆ ಇಳಿಸಿದೆ. ಕೆಲಸಗಾರರ ಆರೋಗ್ಯ, ಸುರಕ್ಷತೆಗೆಂದೇ ಇರುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು 1. ನಮ್ಮ ಬಡಗಿಗಳು ಕೊಯ್ಯುವ ಮರಗಳಲ್ಲಿ ಹೆಚ್ಚಿನವು ಬಿಗಿ ಮಿತಿಯ ಗುಂಪಿನವೇ.

ಇನ್ನು ಕೆಲಸಕ್ಕೆ ಬರೋಣ. ಉಜ್ಜುಗೊರಡಿನಿಂದ ಏಳುವ ಸುರುಳಿ ಸಿಪ್ಪೆ ನಿರುಪದ್ರವಿ. ಗರಗಸದ ಹೊಟ್ಟಿನಲ್ಲಿ ದಪ್ಪ ಕಣ ಹೆಚ್ಚು. ಅದು ಬೇಗ ನೆಲ ಕಾಣುತ್ತದೆ. ಅಪಾಯ ಇರುವುದು ಆರ್ಬಿಟಲ್ ಸ್ಯಾಂಡರ್, ಬೆಲ್ಟ್ ಸ್ಯಾಂಡರ್, ಲೇತ್ ಮೇಲೆ ಮರಳು ಕಾಗದ ಹಿಡಿಯುವುದು, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಮೇಲೆ ಕೊರೆಯುವ ರೌಟರ್ ಓಡಿಸುವುದು, ಇಂಥವುಗಳಲ್ಲಿ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್‌ನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಣವೊಂದು ಮೂಗಿನ ಎತ್ತರದಿಂದ ನೆಲಕ್ಕಿಳಿಯಲು ಸುಮಾರು ಎಂಟು ನಿಮಿಷ ಬೇಕು. 5 ಮೈಕ್ರಾನ್‌ನದಕ್ಕೆ ಅರ್ಧ ಗಂಟೆ. 1 ಮೈಕ್ರಾನ್‌ನದಾದರೆ ಹತ್ತು ಗಂಟೆಗೂ ಹೆಚ್ಚು. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಅದು ಇಳಿಯುವುದೇ ಇಲ್ಲ ಎನ್ನಬಹುದು. ಮೆಷಿನ್ ನಿಲ್ಲಿಸಿದ ಕೂಡಲೇ ಮುಖಗವಚವನ್ನು ಹಣೆಗೇರಿಸಿ ಟೀ ಕುಡಿಯುವವರು ಕುಡಿಯುವುದು ಬರೀ ಟೀಯನ್ನಲ್ಲ.

ದೂಳು ಅಳೆಯುವ ಉಪಕರಣ ಸಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಅದರ ಬದಲಿಗೆ ಒಂದು ಪ್ರಬಲ ಟಾರ್ಚ್ ಸಾಕು. ಸಂಜೆ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ಕೆಲಸದ ಜಾಗದ ಆಚೆ ಬದಿಗಿಟ್ಟು ಅದರ ಕಿರಣ ನಿಮ್ಮ ಕಡೆಗೆ ಬರುವಂತೆ ಮಾಡಿ. ನೇರ ಬೆಳಕು ಕಣ್ಣಿಗೆ ಬೀಳದಂತೆ ರಟ್ಟೊಂದನ್ನು ಅಡ್ಡ ಹಿಡಿದು, ಒಬ್ಬರನ್ನು ಸ್ಯಾಂಡರ್ ಓಡಿಸಲು ಹೇಳಿ. ಹಗಲಲ್ಲಿ ಸ್ವಚ್ಛವಾಗಿ ಕಾಣುತ್ತಿದ್ದ ಗಾಳಿಯಲ್ಲಿ ಮೋಡವೇ ಕಾಣುತ್ತದೆ. ಆ ಮೋಡ ಎಲ್ಲಿಂದ ಏಳುತ್ತದೆ, ಯಾರ ಮುಖದ ಮುಂದೆ ಹಾಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಯಾವ ಸಾಧನ ಬೇಕೆಂಬ ತೀರ್ಮಾನಕ್ಕೆ ಈ ಟಿಪ್ಪಣಿಯೇ ಆಧಾರ.

ಮೊದಲು ದೂಳು ಹೀರುವ ವ್ಯವಸ್ಥೆ

ಫ್ಯಾನ್ ಮುಖಗವಚದ ಬೆಲೆ ಸಾಮಾನ್ಯವಾಗಿ ಹತ್ತಾರು ಸಾವಿರ ರೂಪಾಯಿಗಳಲ್ಲಿರುತ್ತದೆ. ಅಷ್ಟು ಹಣ ಕೈಯಲ್ಲಿದ್ದು, ಮೆಷಿನ್‌ಗೆ ಇನ್ನೂ ವ್ಯಾಕ್ಯೂಮ್ ಪೈಪ್ ಜೋಡಿಸಿಲ್ಲವೆಂದರೆ ಮೊದಲು ಅದನ್ನು ಮಾಡಿ. ಸ್ಯಾಂಡರ್‌ನ ತಳದ ತೂತುಗಳ ಮೂಲಕ ದೂಳನ್ನು ಹುಟ್ಟಿದಲ್ಲೇ ಹೀರಿಕೊಂಡರೆ ಪಕ್ಕದಲ್ಲಿ ನಿಂತ ಸಹಾಯಕ, ಮೂಲೆಯಲ್ಲಿ ಲೆಕ್ಕ ಬರೆಯುವ ಹುಡುಗಿ, ಎಲ್ಲರಿಗೂ ರಕ್ಷಣೆ. ಮುಖಗವಚ ಕಾಯುವುದು ತೊಟ್ಟವನೊಬ್ಬನನ್ನೇ.

ಭಾನುವಾರ ಒಂದೆರಡು ಗಂಟೆ ಮಹಡಿಯ ಮೇಲೆ ಮರಗೆಲಸ ಮಾಡುವ ಹವ್ಯಾಸಿಗಳಿಗೆ ಫ್ಯಾನ್ ಮುಖಗವಚ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಒಳ್ಳೆಯ ವ್ಯಾಕ್ಯೂಮ್, ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಎಫ್‌ಎಫ್‌ಪಿ3 ಮಾಸ್ಕ್, ಕನ್ನಡಕ, ಇಷ್ಟಿದ್ದರೆ ನಡೆಯುತ್ತದೆ. ಫ್ಯಾನ್ ಇರುವುದನ್ನು ಕೊಳ್ಳಲೇಬೇಕಾದವರು ಬೇರೆ: ದಿನಕ್ಕೆ ಹಲವು ಗಂಟೆ ಮರಳು ಕಾಗದ ಹಿಡಿಯುವವರು, ಲೇತ್ ಮುಂದೆ ನಿಲ್ಲುವವರು, ಗಡ್ಡ ಬಿಟ್ಟವರು, ಕನ್ನಡಕ ಮಂಜಾಗುವುದರಿಂದ ಮಾಸ್ಕನ್ನು ಮತ್ತೆ ಮತ್ತೆ ಕೆಳಗೆಳೆಯುವವರು. ಅಸ್ತಮಾ ಇರುವವರಿಗೂ ಇದು ಅನುಕೂಲ, ಏಕೆಂದರೆ ಫಿಲ್ಟರ್ ಮೂಲಕ ಗಾಳಿ ಎಳೆದುಕೊಳ್ಳುವ ಶ್ರಮವನ್ನು ಶ್ವಾಸಕೋಶದ ಬದಲು ಮೋಟಾರ್ ಪಡುತ್ತದೆ. ಆದರೆ ಅವರು ಕೊಳ್ಳುವ ಮುನ್ನ ವೈದ್ಯರನ್ನು ಕಾಣಬೇಕು.

ಟವೆಲ್ ಕಟ್ಟಿಕೊಳ್ಳುವುದು ಇದಾವುದಕ್ಕೂ ಬದಲಿಯಾಗದು. ಅದು ತಡೆಯುವುದು ತಾನಾಗಿಯೇ ನೆಲಕ್ಕೆ ಬೀಳಲಿದ್ದ ಹೊಟ್ಟನ್ನು.

ರಕ್ಷಣೆಯ ದರ್ಜೆ ಓದುವುದು

ಪೆಟ್ಟಿಗೆಯ ಮೇಲೆ ‘99.97 ಶೇಕಡ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಅದು ಫಿಲ್ಟರ್ ಕಾಗದದ ಗುಣ. ನಿಮಗೆ ಬೇಕಾದದ್ದು ಇಡೀ ಸಾಧನದ ಗುಣ: ಅಂಚುಗಳಲ್ಲಿ ಎಷ್ಟು ಸೋರುತ್ತದೆ, ಬಗ್ಗಿದಾಗ ಏನಾಗುತ್ತದೆ ಎಂಬುದೂ ಸೇರಿದ್ದು.

ಯುರೋಪಿನ ಮಾನದಂಡದಲ್ಲಿ ಹುಡ್ (ತಲೆ, ಮುಖವನ್ನು ಸಡಿಲವಾಗಿ ಮುಚ್ಚುವ ಮುಸುಕು) ಅಥವಾ ಹೆಲ್ಮೆಟ್ ಮಾದರಿಗೆ ಇಎನ್ 12941, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಮಾದರಿಗೆ ಇಎನ್ 12942. ಮೊದಲನೆಯದರಲ್ಲಿ ಟಿಎಚ್1, ಟಿಎಚ್2, ಟಿಎಚ್3 ಎಂಬ ಮೂರು ದರ್ಜೆ. ಎರಡನೆಯದರಲ್ಲಿ ಟಿಎಂ1ರಿಂದ ಟಿಎಂ3. ಬ್ರಿಟನ್ನಿನಲ್ಲಿ ಕೆಲಸದ ಜಾಗಕ್ಕೆ ಒಪ್ಪಿಕೊಂಡಿರುವ ಗುಣಾಂಕಗಳು ಕ್ರಮವಾಗಿ 10, 20, 40. ಹೋಲಿಕೆಗೆ, ಎಫ್‌ಎಫ್‌ಪಿ2 ಮಾಸ್ಕಿಗೆ 10, ಎಫ್‌ಎಫ್‌ಪಿ3ಕ್ಕೆ 20. ಸೂಚನಾ ಪುಸ್ತಕದಲ್ಲಿ 50 ಅಥವಾ 500 ಎಂಬ ಸಂಖ್ಯೆಗಳೂ ಕಾಣಬಹುದು. ಅವು ಪ್ರಯೋಗಾಲಯದಲ್ಲಿ ಸಿಕ್ಕ ನಾಮಮಾತ್ರದ ಗುಣಾಂಕಗಳು, ಅವುಗಳಿಂದ ಲೆಕ್ಕ ಹಾಕಬೇಡಿ. ಅಮೆರಿಕದ ಪದ್ಧತಿ ಬೇರೆ: ಸಡಿಲವಾಗಿ ಕೂರುವ ಮಾದರಿಗೆ 25, ಫ್ಯಾನ್ ಇರುವ ಬಿಗಿಯಾದ ಅರ್ಧ ಮಾಸ್ಕಿಗೆ 50.

ಅಕ್ಷರಗಳ ಬಾಲವನ್ನೂ ಓದಿ. ‘ಟಿಎಚ್2 ಪಿ ಆರ್ ಎಸ್‌ಎಲ್’ ಎಂದಿದ್ದರೆ, ಪಿ ಎಂದರೆ ಕಣಗಳಿಗೆ. ಆರ್ ಎಂದರೆ ಫಿಲ್ಟರನ್ನು ಒಂದು ಪಾಳಿಗಿಂತ ಹೆಚ್ಚು ಬಳಸಬಹುದು. ಎಸ್‌ಎಲ್ ಎಂದರೆ ಒಣ ಕಣ ಮತ್ತು ದ್ರವದ ಹನಿ ಎರಡನ್ನೂ ತಡೆಯುತ್ತದೆ. ಮರದ ದೂಳಿಗೆ ಪಿ ಸಾಕು.

ಎಷ್ಟು ದರ್ಜೆ ಬೇಕು? ಸ್ಯಾಂಡಿಂಗ್ ಮಾಡುವಾಗ ಮುಖದ ಮುಂದಿನ ಗಾಳಿಯಲ್ಲಿ ಘನ ಮೀಟರಿಗೆ 20 ಮಿಲಿಗ್ರಾಂ ದೂಳಿದೆ ಎಂದಿಟ್ಟುಕೊಳ್ಳಿ. ಟಿಎಚ್1 ಅದನ್ನು 2ಕ್ಕೆ ಇಳಿಸುತ್ತದೆ, ಟಿಎಚ್2 ಅದನ್ನು 1ಕ್ಕೆ. ದೂಳು ಹೀರುವ ವ್ಯವಸ್ಥೆ ಇರುವ ಸಾಮಾನ್ಯ ಬಡಗಿ ಅಂಗಡಿಗೆ ಟಿಎಚ್2 ಸರಿಯಾದ ಆಯ್ಕೆ. ಬೀಟೆಯಂಥ ಅಲರ್ಜಿ ತರುವ ಮರವನ್ನು ದಿನವೂ ಉಜ್ಜುವವರು, ಮುಚ್ಚಿದ ಕೋಣೆಯಲ್ಲಿ ಎಂಡಿಎಫ್ ಕೊರೆಯುವವರು ಟಿಎಚ್3ಕ್ಕೆ ಹೋಗಲಿ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ, ತಲೆಯ ಮೇಲೆ ಹಗುರವಾಗಿ ಕೂರುವುದನ್ನು ಆರಿಸಿ; ಕಾರಣ, ಆರಂಭದಲ್ಲಿ ಹಾಕಿದ ಲೆಕ್ಕ.

ಮೂರು ಮಾದರಿ, ಮೂರು ಮೈಕಟ್ಟು

ಮೊದಲನೆಯದು, ಮೋಟಾರ್, ಫಿಲ್ಟರ್, ಬ್ಯಾಟರಿ ಎಲ್ಲವನ್ನೂ ತಲೆಯ ಮೇಲೇ ಹೊರುವ ಹೆಲ್ಮೆಟ್. ಟ್ರೆಂಡ್ ಕಂಪನಿಯ ಏರ್‌ಶೀಲ್ಡ್ ಪ್ರೊ ಈ ಬಗೆಯದು, ದರ್ಜೆ ಟಿಎಚ್2. ಪೈಪ್ ಇಲ್ಲ, ಬೆಲ್ಟ್ ಇಲ್ಲ, ಒಂದೇ ತುಂಡು. ತೆಗೆದು ಮೊಳೆಗೆ ತೂಗುಹಾಕಿದರೆ ಮುಗಿಯಿತು. ತಿರುಗುವ ಲೇತ್ ಹತ್ತಿರ ತೂಗಾಡುವ ಯಾವ ವಸ್ತುವೂ ಇರುವುದಿಲ್ಲ. ಬೆಲೆ ತೆರಬೇಕಾದದ್ದು ಕುತ್ತಿಗೆ. ಈ ಬಗೆಯ ಹೆಲ್ಮೆಟ್‌ಗಳು ಒಂದು ಕಿಲೋ ಆಸುಪಾಸು ತೂಗುತ್ತವೆ. ನೆಟ್ಟಗೆ ನಿಂತಾಗ ಅದು ಗೊತ್ತಾಗುವುದಿಲ್ಲ, ತಲೆ ಬಗ್ಗಿಸಿ ಕೆತ್ತುವಾಗ ಗೊತ್ತಾಗುತ್ತದೆ.

ಎರಡನೆಯದು, ಸೊಂಟದ ಬೆಲ್ಟಿಗೆ ಫ್ಯಾನ್ ಪೆಟ್ಟಿಗೆ, ಬೆನ್ನ ಮೇಲೆ ಹಾದು ತಲೆಗೆ ಹೋಗುವ ಪೈಪ್, ತಲೆಗೆ ಹಗುರವಾದ ಹುಡ್. 3ಎಂ ಕಂಪನಿಯ ವರ್ಸಾಫ್ಲೋ ಇದಕ್ಕೆ ಪರಿಚಿತ ಉದಾಹರಣೆ. ತೂಕ ಸೊಂಟಕ್ಕೆ ಇಳಿಯುವುದರಿಂದ ದಿನವಿಡೀ ತೊಡಬಹುದು. ಒಂದೇ ಫ್ಯಾನಿಗೆ ಬೇರೆ ಬೇರೆ ಹುಡ್‌ಗಳನ್ನು ಜೋಡಿಸಬಹುದು. ನಿಂತು ಕೆಲಸ ಮಾಡುವವರಿಗೆ ಇದು ನನ್ನ ಮೊದಲ ಆಯ್ಕೆ. ಆದರೆ ನಮ್ಮಲ್ಲಿ ಎಲ್ಲರೂ ನಿಂತು ಕೆಲಸ ಮಾಡುವುದಿಲ್ಲ. ಸಾಗರ, ಸೊರಬದ ಗುಡಿಗಾರರಂತೆ ನೆಲದ ಮೇಲೆ ಕುಳಿತು ಕೆತ್ತುವವರು ಗೋಡೆಗೆ ಒರಗಿದರೆ ಬೆನ್ನ ಹಿಂದಿನ ಪೆಟ್ಟಿಗೆ ಚುಚ್ಚುತ್ತದೆ. ಅದಕ್ಕಿಂತ ಮುಖ್ಯ, ಗಾಳಿ ಎಳೆಯುವ ಬಾಯಿ ನೆಲದ ಹೊಟ್ಟಿಗೆ ತೀರಾ ಹತ್ತಿರವಾಗಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅಂಥವರು ಬೆಲ್ಟಿನ ಬದಲು ಬೆನ್ನಿಗೆ ಹಾಕುವ ಪಟ್ಟಿ ಸಿಗುತ್ತದೆಯೇ ಎಂದು ಕೇಳಬೇಕು, ಇಲ್ಲವೇ ಕೆಲಸದ ಮಣೆಯನ್ನು ಎತ್ತರಿಸಿಕೊಳ್ಳಬೇಕು.

ಮೂರನೆಯದು ಬಿಗಿಯಾದ ಅರ್ಧ ಮಾಸ್ಕ್. ಫ್ಯಾನ್ ಕುತ್ತಿಗೆಯ ಹಿಂದೆಯೋ ಸೊಂಟದಲ್ಲೋ ಇರುತ್ತದೆ. ಚಿಕ್ಕದು, ಹಗುರ, ಇಕ್ಕಟ್ಟಾದ ಕಪಾಟಿನೊಳಗೆ ತಲೆ ತೂರಿಸಿ ಕೆಲಸ ಮಾಡಲು ಅನುಕೂಲ. ಆದರೆ ಅದರ ರಬ್ಬರ್ ಅಂಚು ಚರ್ಮಕ್ಕೆ ಅಂಟಿಕೊಂಡಿರಬೇಕು. ಒಂದು ದಿನದ ಕುರುಚಲು ಗಡ್ಡವೂ ಆ ಅಂಟನ್ನು ಕೆಡಿಸುತ್ತದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಧರಿಸುವ ಮೇಸ್ತ್ರಿಗಳು ಎಷ್ಟು ಅಂಗಡಿಗಳಲ್ಲಿಲ್ಲ? ವ್ರತದ ಅಷ್ಟೂ ದಿನ ಅವರು ಕ್ಷೌರ ಮಾಡಿಸುವುದಿಲ್ಲ. ಅಷ್ಟೂ ದಿನ ಆ ಮಾಸ್ಕ್ ಅವರಿಗೆ ಇದ್ದೂ ಇಲ್ಲದಂತೆ. ಗಡ್ಡದ ಪ್ರಶ್ನೆ ಬಂದಲ್ಲೆಲ್ಲ ಹುಡ್ ಅಥವಾ ಹೆಲ್ಮೆಟ್ ಆರಿಸಿ, ವಾದಕ್ಕೆ ಇಳಿಯಬೇಡಿ. ಈ ಮೂರನೆಯ ಮಾದರಿಯಲ್ಲಿ ಕಣ್ಣಿಗೆ ರಕ್ಷಣೆಯೂ ಇಲ್ಲ, ಅದನ್ನು ಬೇರೆಯೇ ತೊಡಬೇಕು.

ಕಣ್ಣಿನ ಮುಂದಿನ ಗಾಜು

ಗಾಜು ಎನ್ನುವುದು ಅಭ್ಯಾಸಬಲ. ಅದು ಪಾಲಿಕಾರ್ಬೊನೇಟ್ ಅಥವಾ ಅಂಥದೇ ಪ್ಲಾಸ್ಟಿಕ್. ಎಲ್ಲ ಮುಖಗವಚಗಳ ಮುಂಪರದೆಯೂ ಒಂದೇ ಅಲ್ಲ. ಕೆಲವು ಹುಡ್‌ಗಳದ್ದು ಆಸ್ಪತ್ರೆ, ಔಷಧ ಕಾರ್ಖಾನೆಗಳಿಗೆಂದು ಮಾಡಿದ ತೆಳು ಹಾಳೆ. ಹಾರಿಬಂದ ಮರದ ಚಕ್ಕೆ ಅದನ್ನು ಲೆಕ್ಕಿಸುವುದಿಲ್ಲ. ಇಎನ್ 166 ಮಾನದಂಡದಲ್ಲಿ ಎಫ್ ಎಂದರೆ ಸೆಕೆಂಡಿಗೆ 45 ಮೀಟರ್ ವೇಗದ ಚಿಕ್ಕ ಉಕ್ಕಿನ ಗುಂಡನ್ನು ತಡೆಯುತ್ತದೆ, ಬಿ ಎಂದರೆ 120 ಮೀಟರ್, ಎ ಎಂದರೆ 190 ಮೀಟರ್. ಲೇತ್ ಕೆಲಸಕ್ಕೆ ಬಿ ಇರಲೇಬೇಕು. ಅಮೆರಿಕದ ಸಾಧನವಾದರೆ ಝಡ್87 ಎಂಬುದರ ಮುಂದೆ ಪ್ಲಸ್ ಗುರುತು ನೋಡಿ.

ಬಿ ದರ್ಜೆ ಇದ್ದ ಮಾತ್ರಕ್ಕೆ, ಲೇತ್‌ನಲ್ಲಿ ಮರವನ್ನು ಹಿಡಿದಿಡುವ ಚಕ್‌ನಿಂದ ಕಳಚಿ ಹಾರುವ ಎರಡು ಕಿಲೋ ತೂಕದ ಬಟ್ಟಲನ್ನು ಅದು ತಡೆಯುತ್ತದೆಂದು ನಂಬಬೇಡಿ. ಪರೀಕ್ಷೆ ನಡೆಯುವುದು ಒಂದು ಗ್ರಾಮಿಗೂ ಕಡಿಮೆ ತೂಕದ ಗುಂಡಿನಿಂದ. ದೊಡ್ಡ ತುಂಡನ್ನು ಮೊದಲ ಸಲ ತಿರುಗಿಸುವಾಗ ಅದರ ನೇರಕ್ಕೆ ನಿಲ್ಲದಿರುವುದೇ ರಕ್ಷಣೆ.

ಪರದೆಯ ಮೇಲೆ ಅಂಟಿಸುವ ತೆಳು ಪಾರದರ್ಶಕ ಹಾಳೆಗಳು ಸಿಗುತ್ತವೆ, ಅವನ್ನು ಕೊಳ್ಳಿ. ಗೀರುಗಳ ಮೂಲಕ ನೋಡಬೇಕಾದವನು ಪರದೆ ಎತ್ತಿಯೇ ಎತ್ತುತ್ತಾನೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಪರದೆ ಒರೆಸಿದರೆ ಪ್ಲಾಸ್ಟಿಕ್ ಬಿರಿಯುತ್ತದೆ; ಸೋಪು ನೀರು ಸಾಕು.

ಕಿವಿಯ ವಿಷಯ ಚಿಕ್ಕದು ಆದರೂ ಮರೆಯುವಂಥದ್ದಲ್ಲ. ಪ್ಲೇನರ್ ಮತ್ತು ರೌಟರ್ ಸದ್ದಿಗೆ ತಲೆಯೊಳಗಿನ ಫ್ಯಾನಿನ ಸದ್ದೂ ಸೇರುತ್ತದೆ. ದೊಡ್ಡ ಇಯರ್ ಮಫ್ ಹಾಕಿದರೆ ಹುಡ್‌ನ ಅಂಚು ಎದ್ದು ನಿಲ್ಲಬಹುದು. ಆ ಸಾಧನಕ್ಕೆಂದೇ ಮಾಡಿದ ಮಫ್ ಇಲ್ಲದಿದ್ದರೆ ಕಿವಿಯೊಳಗೆ ಹಾಕುವ ಫೋಮ್ ಪ್ಲಗ್ ಒಳ್ಳೆಯದು.

ಗಾಳಿ, ಬ್ಯಾಟರಿ, ಸೆಕೆ

ಸಡಿಲವಾದ ಹುಡ್ ನಿಮ್ಮನ್ನು ಕಾಯುವುದು ಗಾಳಿಯ ಒತ್ತಡದಿಂದ. ಒಳಗಿನಿಂದ ಹೊರಕ್ಕೆ ಸದಾ ಹರಿಯುವ ಗಾಳಿ ದೂಳನ್ನು ಅಂಚಿನಿಂದ ದೂರ ತಳ್ಳುತ್ತದೆ. ಹರಿವು ಕುಗ್ಗಿದರೆ ರಕ್ಷಣೆಯೂ ಹೋಯಿತು. ನಿಯೋಶ್ ನಿಯಮದ ಪ್ರಕಾರ ಸಡಿಲ ಮಾದರಿಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್, ಬಿಗಿ ಮಾದರಿಗೆ 115 ಲೀಟರ್ ಹರಿವು ಬೇಕು. ಆದ್ದರಿಂದ ಹರಿವು ಇಳಿದಾಗ ಕೂಗುವ ಅಲಾರಂ ಮತ್ತು ಬ್ಯಾಟರಿ ಮುಗಿಯುವ ಮುನ್ನ ಎಚ್ಚರಿಸುವ ಅಲಾರಂ, ಎರಡೂ ಇರುವುದನ್ನೇ ಕೊಳ್ಳಿ. ಪ್ಲೇನರ್ ಓಡುವಾಗ ಬೀಪ್ ಕೇಳಿಸದು. ಕಂಪನದ ಅಥವಾ ಕಣ್ಣೆದುರು ಬೆಳಗುವ ಸೂಚನೆಯೂ ಇದ್ದರೆ ಚೆನ್ನ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕಂಪನಿ ಹೇಳುವುದು ಹೊಸ ಬ್ಯಾಟರಿ ಮತ್ತು ಸ್ವಚ್ಛ ಫಿಲ್ಟರ್ ಇರುವಾಗಿನ ಮಾತು. ಫಿಲ್ಟರ್ ಕಟ್ಟಿಕೊಂಡಂತೆ ಮೋಟಾರ್ ಹೆಚ್ಚು ಎಳೆಯಬೇಕು, ಬ್ಯಾಟರಿ ಬೇಗ ಬರಿದಾಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿದಾಗ ವಿದ್ಯುತ್ ಹೋಗಿ ಬೆಳಿಗ್ಗೆ ಅರ್ಧವೇ ತುಂಬಿರುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಬದಲಿಸಬಹುದಾದ ಬ್ಯಾಟರಿ ಇರುವ ಮಾದರಿ ಆರಿಸಿ, ಎರಡು ಬ್ಯಾಟರಿ ಇಟ್ಟುಕೊಳ್ಳಿ. ಬ್ಯಾಟರಿ ಒಳಗೇ ಬೆಸೆದಿರುವ ಸಾಧನಕ್ಕೆ ನಾನು ಹಣ ಹಾಕುವುದಿಲ್ಲ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಸತ್ತಾಗ ಇಡೀ ಸಾಧನವೇ ಸತ್ತಂತೆ.

ಸೆಕೆಯ ಬಗ್ಗೆ ಅಂಗಡಿಯವರು ಹೇಳುವುದು ಅರ್ಧ ಸತ್ಯ. ಮುಖದ ಮೇಲೆ ಗಾಳಿ ಹರಿಯುವುದರಿಂದ ಸಾಮಾನ್ಯ ಮಾಸ್ಕಿಗಿಂತ ಹಿತ, ನಿಜ. ಆದರೆ ಫ್ಯಾನ್ ಊದುವುದು ನಿಮ್ಮ ಅಂಗಡಿಯ ಗಾಳಿಯನ್ನೇ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ತಗಡಿನ ಶೆಡ್ಡಿನಲ್ಲಿ ಅದು ಬಿಸಿಗಾಳಿ. ಮಂಗಳೂರಿನಲ್ಲಿ ತೇವದ ಗಾಳಿ. ಗಾಳಿಯ ದಿಕ್ಕನ್ನು ಹೊಂದಿಸಲು ಬರುವ ಮಾದರಿಯಾದರೆ ಅದು ಕಣ್ಣಿಗೆ ಹೊಡೆಯದಂತೆ ಹಣೆಯ ಕಡೆಗೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಣಗಿ ಉರಿಯುತ್ತದೆ. ಹಣೆಯ ಬೆವರುಪಟ್ಟಿ ತೆಗೆದು ಒಗೆಯುವಂತಿರಬೇಕು.

ನಕಲಿಯನ್ನು ಗುರುತಿಸುವುದು

ಕೋವಿಡ್ ನಂತರ ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಎಲೆಕ್ಟ್ರಿಕ್ ಮಾಸ್ಕ್’ ಎಂಬ ಹೆಸರಿನ ಅಗ್ಗದ ವಸ್ತುಗಳು ತುಂಬಿಕೊಂಡಿವೆ. ಬಾಯಿಯ ಮುಂದೆ ಗುಂಡಿಯಷ್ಟು ಫ್ಯಾನ್, ಒಳಗೆ ಸ್ಪಂಜಿನ ತುಂಡು. ಅದನ್ನು ಇತರ ಫ್ಯಾನ್ ಮುಖಗವಚಗಳ ಜೊತೆ ಹೋಲಿಸುವುದೇ ಬೇಡ. ಅಸಲಿ ಯುರೋಪಿಯನ್ ಸಾಧನದ ಮೇಲೆ ಸಿಇ ಗುರುತು, ಅದರ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ, ಇಎನ್ 12941 ಅಥವಾ 12942 ಮತ್ತು ದರ್ಜೆ, ಇಷ್ಟೂ ಇರುತ್ತವೆ. ಬರೀ ಸಿಇ ಎಂದಷ್ಟೇ ಇದ್ದರೆ ಅನುಮಾನಪಡಿ. ಅಮೆರಿಕದ್ದಾದರೆ ಟಿಸಿ-21ಸಿ ಎಂದು ಆರಂಭವಾಗುವ ಅನುಮೋದನೆ ಸಂಖ್ಯೆ ಇರುತ್ತದೆ. ನಿಯೋಶ್‌ನ ಜಾಲತಾಣದಲ್ಲಿ ಅನುಮೋದಿತ ಸಾಧನಗಳ ಪಟ್ಟಿಯಿದೆ, ಅದರೊಂದಿಗೆ ತಾಳೆ ನೋಡಿ. ಭಾರತದ ಐಎಸ್ 9473 ಗುರುತು ಫ್ಯಾನಿಲ್ಲದ ಸಾಮಾನ್ಯ ಮಾಸ್ಕುಗಳಿಗೆ ಸಂಬಂಧಿಸಿದ್ದು. ಫ್ಯಾನ್ ಸಾಧನಕ್ಕೆ ಅದನ್ನು ತೋರಿಸಿ ಮಾರಲು ಬಂದರೆ ಮುಂದಿನ ಅಂಗಡಿಗೆ ಹೋಗಿ.

ಅನುಮೋದನೆ ಸಿಗುವುದು ಇಡೀ ಜೋಡಣೆಗೆ. ಒಂದು ಕಂಪನಿಯ ಫ್ಯಾನಿಗೆ ಇನ್ನೊಂದು ಕಂಪನಿಯ ಅಗ್ಗದ ಫಿಲ್ಟರ್ ಸಿಕ್ಕಿಸಿದ ಕ್ಷಣವೇ ಪೆಟ್ಟಿಗೆಯ ಮೇಲಿನ ಸಂಖ್ಯೆಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ.

ಕೊಳ್ಳುವ ದಿನದ ಪರೀಕ್ಷೆ

ಅಂಗಡಿಯಲ್ಲಿ ಎರಡು ನಿಮಿಷ ತಲೆಗಿಟ್ಟು ಕನ್ನಡಿ ನೋಡಿಕೊಳ್ಳುವುದು ಪರೀಕ್ಷೆಯಲ್ಲ. ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಾರುವವರಲ್ಲಿ ಕೆಲವರು ನಿಮ್ಮ ಜಾಗಕ್ಕೇ ತಂದು ತೋರಿಸುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ. ಮೊದಲು ಫ್ಯಾನ್ ಚಾಲೂ ಮಾಡಿ, ಆಮೇಲೆ ತೊಡಿ. ಫ್ಯಾನ್ ನಿಂತ ಹುಡ್‌ನೊಳಗೆ ನೀವು ಬಿಟ್ಟ ಉಸಿರೇ ಮತ್ತೆ ಮೂಗಿಗೆ ಬರುತ್ತದೆ. ನಿಮ್ಮ ಕನ್ನಡಕವನ್ನೂ ಹಾಕಿಕೊಳ್ಳಿ. ಅರ್ಧ ಗಂಟೆ ನಿಮ್ಮ ನಿತ್ಯದ ಕೆಲಸ ಮಾಡಿ: ಬಗ್ಗಿ ಗುರುತು ಹಾಕಿ, ಹಲಗೆಯನ್ನು ಭುಜಕ್ಕೇರಿಸಿ, ಗೆರೆಯ ಮೇಲೆ ಒಂದು ಕಣ್ಣು ಮುಚ್ಚಿ ನೋಡಿ, ಪಕ್ಕದವನ ಜೊತೆ ಮಾತನಾಡಿ. ಹಲಗೆ ಭುಜಕ್ಕೇರುವಾಗ ಪೈಪ್ ಅಡ್ಡ ಬರುತ್ತದೆಯೇ? ಬಗ್ಗಿದಾಗ ಹೆಲ್ಮೆಟ್ ಮುಂದಕ್ಕೆ ಜಾರುತ್ತದೆಯೇ? ಅರ್ಧ ಗಂಟೆಯಲ್ಲಿ ಎಷ್ಟು ಸಲ ಕೈ ಅದರ ಕಡೆಗೆ ಹೋಯಿತು ಎಂದು ಇನ್ನೊಬ್ಬರು ಎಣಿಸಲಿ. ಪದೇ ಪದೇ ಹೋಗುತ್ತಿದ್ದರೆ ಆ ಮಾದರಿ ಬೇಡ.

ಥಿನ್ನರ್ ಮತ್ತು ಪಾಲಿಶ್ ಬೇರೆ ವಿಷಯ

ದೂಳಿನ ಫಿಲ್ಟರ್ ಆವಿಯನ್ನು ತಡೆಯುವುದಿಲ್ಲ. ಮೆಲಮೈನ್, ಪಿಯು, ಎನ್‌ಸಿ ಲ್ಯಾಕರ್‌ನಂಥ ಪಾಲಿಶ್‌ಗಳನ್ನು ಸ್ಪ್ರೇ ಮಾಡುವಾಗ ದೂಳಿನ ಫ್ಯಾನ್ ಮುಖಗವಚ ತೊಟ್ಟರೆ ಅದು ಥಿನ್ನರ್ ಆವಿಯನ್ನು ಎಳೆದು ನೇರ ಮುಖಕ್ಕೇ ಊದುತ್ತದೆ. ಅದಕ್ಕೆ ಎ ಗುರುತಿನ, ಕಂದು ಪಟ್ಟಿಯ ಆವಿ ಫಿಲ್ಟರ್ ಇರುವ ಬೇರೆ ಜೋಡಣೆ ಬೇಕು. ಇನ್ನೊಂದು ಅಪಾಯ ಬೆಂಕಿಯದು: ಸಾಮಾನ್ಯ ಫ್ಯಾನ್ ಪೆಟ್ಟಿಗೆಯ ಮೋಟಾರ್ ಮತ್ತು ಬ್ಯಾಟರಿಯನ್ನು ಹೊತ್ತಿಕೊಳ್ಳುವ ಆವಿಯ ನಡುವೆ ಬಳಸಲೆಂದು ಮಾಡಿರುವುದಿಲ್ಲ. ಸ್ಪ್ರೇ ಕೋಣೆಗೆ ಅದನ್ನು ತೊಟ್ಟು ಹೋಗಲೇಬೇಡಿ. ಎಂಡಿಎಫ್ ಮತ್ತು ಪ್ಲೈವುಡ್‌ನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಕೂಡ ಅನಿಲವೇ. ಅದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನ್, ಕಡಿಮೆ ಹೊರಸೂಸುವ ಇ0 ಅಥವಾ ಇ1 ದರ್ಜೆಯ ಹಾಳೆಗಳೇ ಪರಿಹಾರ. ಉಳಿ ಹರಿತ ಮಾಡುವ ಗ್ರೈಂಡರ್ ಮುಂದೆಯೂ ಎಚ್ಚರ: ಕಿಡಿಯೊಂದು ಫಿಲ್ಟರ್ ಒಳಗೆ ಹೋದರೆ ತೂತು ಬೀಳುತ್ತದೆ. ಕಿಡಿ ತಡೆಯುವ ಜಾಲರಿ ಬೇಕೆಂದು ಕೇಳಿ ಪಡೆಯಿರಿ.

ದಿನದ ಆರೈಕೆ

ಹೆಚ್ಚಿನ ಸಾಧನಗಳ ಜೊತೆ ಹರಿವು ನೋಡುವ ಚಿಕ್ಕ ಕೊಳವೆಯೋ ಚೆಂಡೋ ಬರುತ್ತದೆ. ದಿನಾ ಬೆಳಿಗ್ಗೆ ಅದರಿಂದ ಪರೀಕ್ಷಿಸಿ. ಚೆಂಡು ಗೆರೆ ಮುಟ್ಟದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ, ಆಗಲೂ ಏರದಿದ್ದರೆ ಫಿಲ್ಟರ್ ಮುಗಿದಿದೆ. ಕಂಪ್ರೆಸರ್ ಗಾಳಿಯಿಂದ ಫಿಲ್ಟರ್ ಊದಿ ‘ಸ್ವಚ್ಛ’ ಮಾಡುವುದು ನಮ್ಮ ಅಂಗಡಿಗಳ ಕೆಟ್ಟ ಚಾಳಿ. ನಾರುಗಳ ನಡುವೆ ಕಣ್ಣಿಗೆ ಕಾಣದ ದಾರಿಗಳು ತೆರೆದುಕೊಂಡು ಹರಿವು ಚೆನ್ನಾಗಿ ಬರುತ್ತದೆ, ದೂಳೂ ಚೆನ್ನಾಗಿ ಬರುತ್ತದೆ. ಮುಖ್ಯ ಫಿಲ್ಟರ್ ಉಳಿಯಬೇಕೆಂದರೆ ಅದರ ಮುಂದಿನ ಅಗ್ಗದ ಪೂರ್ವ ಫಿಲ್ಟರನ್ನು ಆಗಾಗ ಬದಲಿಸಿ. ಮಳೆಗಾಲದಲ್ಲಿ ಸಾಧನವನ್ನು ಗೋಡೆಯ ಮೊಳೆಗೆ ಬಿಡದೆ ಮುಚ್ಚಳದ ಡಬ್ಬಿಯಲ್ಲಿಡಿ, ಒದ್ದೆಯಾದ ಫಿಲ್ಟರನ್ನು ಮತ್ತೆ ಬಳಸಬೇಡಿ.

ಸಂಜೆ ಕಳಚುವ ಕ್ರಮವೂ ಮುಖ್ಯ. ಮುಖಗವಚ ತೊಟ್ಟಿರುವಾಗಲೇ ಬಟ್ಟೆಯ ದೂಳನ್ನು ವ್ಯಾಕ್ಯೂಮ್‌ನಿಂದ ಹೀರಿ, ನೆಲ ಗುಡಿಸುವ ಬದಲು ಅದನ್ನೂ ಹೀರಿ, ಹೊರಗೆ ಬಂದ ಮೇಲೆ ಕಳಚಿ. ಟೀ ವಿರಾಮಕ್ಕೂ ಇದೇ ನಿಯಮ: ಕುರ್ಚಿಯನ್ನು ಬಾಗಿಲ ಆಚೆ ಹಾಕಿಕೊಳ್ಳಿ.

ಒಂದೇ ಸಾಧನವನ್ನು ಇಬ್ಬರು ಪಾಳಿಯಲ್ಲಿ ಹಂಚಿಕೊಳ್ಳುವುದಾದರೆ ಬೆವರುಪಟ್ಟಿ ಮತ್ತು ಮುಖದ ಅಂಚಿನ ಬಟ್ಟೆ ಇಬ್ಬರಿಗೂ ಬೇರೆ ಬೇರೆ ಇರಲಿ, ಅವುಗಳ ಮೇಲೆ ಹೆಸರು ಬರೆದಿರಲಿ. ಬಿಡಿಭಾಗಗಳನ್ನು ಆಮೇಲೆ ನೋಡೋಣವೆಂದು ಬಿಟ್ಟರೆ ಆಮದಾಗಿ ಬರುವಷ್ಟರಲ್ಲಿ ವಾರಗಳೇ ಕಳೆಯಬಹುದು. ಮೊದಲ ಬಿಲ್ಲಿನಲ್ಲೇ ಎರಡು ಮುಖ್ಯ ಫಿಲ್ಟರ್, ಒಂದು ಕಟ್ಟು ಪೂರ್ವ ಫಿಲ್ಟರ್, ಒಂದು ಕಟ್ಟು ಪರದೆಯ ಹಾಳೆ, ಇನ್ನೊಂದು ಬ್ಯಾಟರಿ ಸೇರಿಸಿ. ಇಷ್ಟನ್ನೂ ಕೂಡಿಸಿ ಬಂದ ಮೊತ್ತವನ್ನೇ ಸಾಧನದ ಬೆಲೆ ಎಂದು ಹಿಡಿದು ಚೌಕಾಶಿಗೆ ಕುಳಿತುಕೊಳ್ಳಿ.